ಸ್ತರಭಂಗದ ದ್ರವ ಒತ್ತಡವೂ ಭೂಕಂಪ ತರಂಗಗಳ ಸಾಕ್ಷ್ಯವೂ: ಒಂದು ವಿಮರ್ಶೆ

ಭೂಮಿಯ ಒಡಲಿನಲ್ಲಿ ಹಲವು ಕಿಲೋಮೀಟರುಗಳ ಆಳದಲ್ಲಿ ಅಡಗಿರುವ ಒಂದು ಸ್ತರಭಂಗದೊಳಗೆ ನೀರು ಎಷ್ಟು ಒತ್ತಡದಲ್ಲಿ ನಿಂತಿದೆಯೆಂಬುದನ್ನು ನೆಲದ ಮೇಲಿರುವವರು ತಿಳಿಯಬಲ್ಲರೆ? ತಿಳಿಯಬಲ್ಲರು, ಆ ಸ್ತರಭಂಗವನ್ನು ಹಾದುಬರುವ ಭೂಕಂಪ ತರಂಗಗಳ ವೇಗವನ್ನು ಅಳೆದರಾಯಿತು, ಎಂಬ ಉತ್ತರವು ಅರ್ಧ ಶತಮಾನದಿಂದ ಭೂಭೌತಶಾಸ್ತ್ರದಲ್ಲಿ ಬಳಕೆಯಲ್ಲಿದೆ. ಈ ಉತ್ತರದ ಹಿಂದಿರುವ ತರ್ಕಸರಣಿ ಎಷ್ಟು ಭದ್ರವಾದುದು, ಅದರ ಯಾವ ಕೊಂಡಿ ಗಟ್ಟಿಯಾದುದು, ಯಾವುದು ಸಡಿಲವಾದುದು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ವೇಗ ಕುಗ್ಗಿದೆ, ನಿಷ್ಪತ್ತಿ ಏರಿದೆ, ಆದುದರಿಂದ ದ್ರವದ ಒತ್ತಡ ಹೆಚ್ಚಿದೆ: ಈ ಮೂರು ವಾಕ್ಯಗಳನ್ನು ವಿದ್ಯಾರ್ಥಿಗಳು ಒಂದೇ ಉಸಿರಿನಲ್ಲಿ ಒಪ್ಪಿಸುವುದುಂಟು. ಮೊದಲೆರಡು ವಾಕ್ಯಗಳು ಅಳತೆಗಳು; ಮೂರನೆಯದು ವ್ಯಾಖ್ಯಾನ. 'ಆದುದರಿಂದ' ಎಂಬ ಒಂದು ಮಾತಿನ ಮೇಲೆ ಎಷ್ಟು ಭಾರ ಬಿದ್ದಿದೆಯೆಂಬುದನ್ನು ನಾವು ನೋಡಬೇಕಾಗಿದೆ.

ವಿಷಯವು ಪಂಡಿತರ ಚರ್ಚೆಗೆ ಮಾತ್ರ ಬಿಟ್ಟುದಲ್ಲ. ಅಣೆಕಟ್ಟಿನ ಹಿಂದೆ ನೀರು ನಿಲ್ಲಿಸುವವರೂ, ತೈಲದೊಡನೆ ಮೇಲೆ ಬಂದ ಉಪ್ಪುನೀರನ್ನು ಮತ್ತೆ ನೆಲದೊಳಕ್ಕೆ ನೂಕುವವರೂ, ಇಂಗಾಲದ ಅನಿಲವನ್ನು ಶಿಲೆಗಳಲ್ಲಿ ಹುದುಗಿಸಹೊರಟವರೂ ಒತ್ತಡ ಮಿತಿಯೊಳಗಿದೆಯೆಂಬ ಭರವಸೆಯನ್ನು ಜನರಿಗೆ ಕೊಡಬೇಕಾಗುತ್ತದೆ. ಆ ಭರವಸೆ ಅಳತೆಯ ಮೇಲೆ ನಿಂತಿದೆಯೋ ಊಹೆಯ ಮೇಲೆ ನಿಂತಿದೆಯೋ ಎಂಬುದು ಆ ನೆಲದ ಮೇಲೆ ಮನೆ ಕಟ್ಟಿಕೊಂಡಿರುವವರಿಗೆ ಜೀವನ್ಮರಣದ ಸಂಗತಿ.

ಮೊದಲು ನಿರ್ವಿವಾದವಾದ ಭಾಗವನ್ನು ಹೇಳಿಬಿಡೋಣ. ಶಿಲೆಯ ಎರಡು ಮೈಗಳನ್ನು ಒಂದರ ಮೇಲೊಂದು ಅದುಮಿ ಹಿಡಿದಿರುವ ಭಾರ ಹೆಚ್ಚಿದಷ್ಟೂ ಅವು ಜಾರುವುದು ಕಷ್ಟವಾಗುತ್ತದೆ. ಅವುಗಳ ನಡುವಣ ಸಂದಿಯಲ್ಲಿ ನೀರಿದ್ದು, ಆ ನೀರಿಗೆ ಒತ್ತಡವಿದ್ದರೆ, ಅದು ಎರಡು ಮೈಗಳನ್ನೂ ಹೊರಕ್ಕೆ ನೂಕುತ್ತದೆ. ಅದುಮುವ ಭಾರದಲ್ಲಿ ಅಷ್ಟು ಪಾಲು ಕಳೆದುಹೋಗುತ್ತದೆ. ಉಳಿದ ಭಾರವೇ ಜಾರುವಿಕೆಯನ್ನು ತಡೆಯತಕ್ಕದ್ದು. ಇದನ್ನು ನಾವು ಇಲ್ಲಿ ಫಲಿತ ಒತ್ತಡವೆಂದು ಕರೆಯುತ್ತೇವೆ. ಮಣ್ಣಿನ ವಿಷಯದಲ್ಲಿ ಈ ತತ್ತ್ವವನ್ನು 1920ರ ದಶಕದಲ್ಲಿ ಸ್ಥಾಪಿಸಿದವರು ಕಾರ್ಲ್ ಟೆರ್ಜಾಗಿ. ಅದನ್ನು ಭೂಕವಚದ ಮಹಾಸ್ತರಗಳಿಗೆ ಅನ್ವಯಿಸಿದವರು ಎಂ. ಕಿಂಗ್ ಹಬ್ಬರ್ಟ್ ಮತ್ತು ವಿಲಿಯಂ ರೂಬಿ. ಅವರ ಪ್ರಬಂಧ 1959ರಲ್ಲಿ ಪ್ರಕಟವಾಯಿತು. ಹತ್ತಾರು ಕಿಲೋಮೀಟರ್ ಉದ್ದದ ಶಿಲಾಸ್ತರವೊಂದು ಚೂರುಚೂರಾಗದೆ ಇನ್ನೊಂದರ ಮೇಲೆ ಹೇಗೆ ಸರಿದುಹೋಯಿತೆಂಬ ಹಳೆಯ ಒಗಟನ್ನು ಅವರು ಬಿಡಿಸಿದ್ದು ಈ ತತ್ತ್ವದಿಂದಲೇ. ಆ ಗಂಭೀರ ಪ್ರಬಂಧದಲ್ಲಿ ಸಮೀಕರಣಗಳ ನಡುವೆ ಒಂದು ಖಾಲಿ ಬಿಯರ್ ಡಬ್ಬಿಯ ಪ್ರಯೋಗವೂ ಉಂಟು. ತಣ್ಣಗೆ ಮಾಡಿದ ಡಬ್ಬಿಯನ್ನು ತೆರೆದ ಬಾಯಿ ಕೆಳಗಾಗುವಂತೆ ಒದ್ದೆ ಗಾಜಿನ ಮೇಲೆ ಮಗುಚಿಟ್ಟರೆ, ಒಳಗಿನ ಗಾಳಿ ಬೆಚ್ಚಗಾಗಿ ಹಿಗ್ಗಿ ಡಬ್ಬಿಯ ಭಾರದ ಬಹುಪಾಲನ್ನು ತಾನೇ ಹೊರುತ್ತದೆ. ಸಾಮಾನ್ಯವಾಗಿ ಸುಮಾರು 17 ಡಿಗ್ರಿ ಓರೆಯಾಗದೆ ಜಾರದ ಡಬ್ಬಿ ಆಗ ಸುಮಾರು 1 ಡಿಗ್ರಿ ಓರೆಯಲ್ಲೇ ಜಾರಿಹೋಗುತ್ತದೆ. ತರಗತಿಯಲ್ಲಿ ಮಾಡಿ ತೋರಿಸಲು ಇದಕ್ಕಿಂತ ಸುಲಭವಾದ ಪ್ರಯೋಗವನ್ನು ನಾವು ಕಾಣೆವು. ಡಬ್ಬಿ ಬಿಯರಿನದೇ ಆಗಬೇಕೆಂಬ ನಿರ್ಬಂಧವೇನೂ ಇಲ್ಲ.

ಈ ತತ್ತ್ವಕ್ಕೆ ಭೂಕಂಪಗಳ ಸಾಕ್ಷ್ಯ ದೊರೆತದ್ದು ಆಕಸ್ಮಿಕವಾಗಿ. ಅಮೆರಿಕದ ಡೆನ್ವರ್ ನಗರದ ಬಳಿ ಸೈನ್ಯದ ರಾಸಾಯನಿಕ ಕಾರ್ಖಾನೆಯೊಂದರ ಕಲುಷಿತ ದ್ರವವನ್ನು 3,671 ಮೀಟರ್ ಆಳದ ಬಾವಿಯೊಂದಕ್ಕೆ 1962ರ ಮಾರ್ಚಿಯಿಂದ ತುಂಬತೊಡಗಿದರು. ಬಹು ಬೇಗನೆ ಆ ಸುತ್ತಿನಲ್ಲಿ ನೆಲ ಕಂಪಿಸತೊಡಗಿತು. ತುಂಬಿದ ದ್ರವದ ಪರಿಮಾಣವೂ ಕಂಪಗಳ ಸಂಖ್ಯೆಯೂ ಒಟ್ಟೊಟ್ಟಿಗೆ ಏರಿಳಿಯುತ್ತಿವೆಯೆಂದು 1965ರಲ್ಲಿ ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ತೋರಿಸಿಕೊಟ್ಟರು. 1966ರ ಫೆಬ್ರವರಿಯಲ್ಲಿ ತುಂಬುವುದನ್ನು ನಿಲ್ಲಿಸಲಾಯಿತು. ಆದರೆ ಎಲ್ಲಕ್ಕಿಂತ ದೊಡ್ಡ ಕಂಪಗಳು ಸಂಭವಿಸಿದ್ದು ಅನಂತರ, 1967ರಲ್ಲಿ. ಬಾವಿಯ ಬುಡದಲ್ಲಿ ಏರಿದ ಒತ್ತಡವು ಶಿಲೆಯ ಬಿರುಕುಗಳಲ್ಲಿ ಮೆಲ್ಲಮೆಲ್ಲನೆ ದೂರಕ್ಕೆ ಹಬ್ಬುತ್ತ ಹೋದುದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ನಲ್ಲಿಯನ್ನು ಮುಚ್ಚಿದೊಡನೆ ಅಪಾಯವೂ ಮುಚ್ಚಿಹೋಗುವುದೆಂದು ನಂಬಿದವರಿಗೆ ಇದು ಅನಿರೀಕ್ಷಿತವಾಗಿತ್ತು.

ಆಕಸ್ಮಿಕವಾಗಿ ಕಂಡುದನ್ನು ಬುದ್ಧಿಪೂರ್ವಕವಾಗಿ ಪರೀಕ್ಷಿಸಿದ್ದು ಅದೇ ಕೊಲರಾಡೊ ಸಂಸ್ಥಾನದ ರೇಂಜ್ಲಿ ತೈಲಕ್ಷೇತ್ರದಲ್ಲಿ. 1969ರಿಂದ ಕೆಲವು ವರ್ಷಗಳ ಕಾಲ ಅಲ್ಲಿನ ಬಾವಿಗಳಿಗೆ ನೀರನ್ನು ತುಂಬಿ, ಮತ್ತೆ ಹೊರತೆಗೆದು, ಭೂಕಂಪಗಳು ಏಳುವುದನ್ನೂ ಅಡಗುವುದನ್ನೂ ಗಮನಿಸಿದರು. ರಾಲಿ, ಹೀಲಿ, ಬ್ರೆಡ್ಹಾಫ್ಟ್ ಈ ಮೂವರು 1976ರಲ್ಲಿ ಪ್ರಕಟಿಸಿದ ವರದಿಯನ್ನು ನಾವು ಈ ಶಾಸ್ತ್ರದ ಅತ್ಯುತ್ತಮ ಪ್ರಬಂಧಗಳಲ್ಲಿ ಒಂದೆಂದು ಎಣಿಸುತ್ತೇವೆ. ಅವರು ಶಿಲೆಯ ಘರ್ಷಣೆಯನ್ನು ಪ್ರಯೋಗಾಲಯದಲ್ಲಿ ಅಳೆದರು. ನೆಲದೊಳಗಿನ ಬಿಗುಹನ್ನು ಬಾವಿಯಲ್ಲಿ ಅಳೆದರು. ಇವೆರಡರಿಂದ ಸ್ತರಭಂಗ ಜಾರಲು ಸುಮಾರು 257 ಬಾರ್ ದ್ರವ ಒತ್ತಡ ಬೇಕೆಂದು ಲೆಕ್ಕಹಾಕಿದರು. ಒತ್ತಡ ಆ ಮಿತಿಯನ್ನು ಮೀರಿದಾಗ ಕಂಪಗಳು ಹೆಚ್ಚಿದುವು, ಇಳಿದಾಗ ಅಡಗಿದುವು. ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಅಂಶವಿದೆ. ಒತ್ತಡ ಎಷ್ಟೆಂದು ಹೇಳಿದ್ದು ಬಾವಿಗಳಲ್ಲಿ ನಡೆಸಿದ ಅಳತೆ. ಭೂಕಂಪ ತರಂಗಗಳು ಹೇಳಿದ್ದು ಕಂಪ ಎಲ್ಲಿ ಆಯಿತು, ಯಾವಾಗ ಆಯಿತು ಎಂಬಷ್ಟನ್ನೇ. ಎರಡು ಸ್ವತಂತ್ರ ಅಳತೆಗಳು ಒಂದಕ್ಕೊಂದು ಹೊಂದಿಬಂದುದರಿಂದಲೇ ರೇಂಜ್ಲಿಯ ತೀರ್ಮಾನಕ್ಕೆ ಬಲ ಬಂದಿತು.

ಬಾವಿಯಿಲ್ಲದ ಎಡೆಯಲ್ಲಿ, ಬಾವಿ ಮುಟ್ಟಲಾರದ ಆಳದಲ್ಲಿ, ತರಂಗವನ್ನೇ ಮಾಪಕವಾಗಿ ಬಳಸಬಹುದೆಂಬ ವಾದಕ್ಕೆ ಈಗ ಬರೋಣ. ಶಿಲೆಯನ್ನು ಅದುಮುತ್ತ ಹಿಗ್ಗಿಸುತ್ತ ಸಾಗುವ ಪ್ರಾಥಮಿಕ ತರಂಗದ ವೇಗವು, ಶಿಲೆಯು ಅದುಮುವಿಕೆಯನ್ನೂ ಓರೆಯಾಗಿಸುವಿಕೆಯನ್ನೂ ಎಷ್ಟು ಪ್ರತಿರೋಧಿಸಬಲ್ಲದೆಂಬುದನ್ನು ಅವಲಂಬಿಸಿದೆ. ಅಡ್ಡಡ್ಡಲಾಗಿ ಅಲುಗಿಸುತ್ತ ಸಾಗುವ ದ್ವಿತೀಯ ತರಂಗದ ವೇಗವು ಓರೆಯಾಗಿಸುವಿಕೆಯ ಪ್ರತಿರೋಧವೊಂದನ್ನೇ ಅವಲಂಬಿಸಿದೆ. ನೀರನ್ನು ಅದುಮುವುದು ಕಷ್ಟ. ಆದರೆ ಅದು ಯಾವ ಆಕಾರಕ್ಕಾದರೂ ಒಗ್ಗುವುದರಿಂದ ಓರೆಯಾಗಿಸಲು ಶ್ರಮವೇ ಬೇಡ. ಆದಕಾರಣ ಬಿರುಕುಗಳಿಗೆ ನೀರು ತುಂಬಿದರೆ ಪ್ರಾಥಮಿಕ ತರಂಗ ಅಷ್ಟಾಗಿ ನಿಧಾನಿಸುವುದಿಲ್ಲ, ದ್ವಿತೀಯ ತರಂಗ ನಿಧಾನಿಸುತ್ತದೆ. ಎರಡರ ವೇಗಗಳ ನಿಷ್ಪತ್ತಿ ಏರುತ್ತದೆ. ಅನೇಕ ಸಾಮಾನ್ಯ ಶಿಲೆಗಳಲ್ಲಿ ಈ ನಿಷ್ಪತ್ತಿ 1.73ರ ಆಸುಪಾಸಿನಲ್ಲಿರುತ್ತದೆ. 1951ರಲ್ಲಿ ಗ್ಯಾಸ್ಮನ್ ಕೊಟ್ಟ ಸಿದ್ಧಾಂತವೂ, ರಂಧ್ರ ವಿರಳವಾದ ಶಿಲೆಗಳನ್ನು ನೀರಿನಲ್ಲಿ ನೆನೆಸಿ 1969ರಲ್ಲಿ ನೂರ್ ಮತ್ತು ಸಿಮನ್ಸ್ ಪ್ರಕಟಿಸಿದ ಪ್ರಯೋಗಗಳೂ ಈ ಭಾಗವನ್ನು ದೃಢಪಡಿಸುತ್ತವೆ. ಒತ್ತಡದ ಪ್ರವೇಶ ಇದಾದ ಮೇಲೆ. ರಂಧ್ರದೊಳಗಿನ ದ್ರವದ ಒತ್ತಡ ಏರಿದರೆ ಬಿರುಕುಗಳು ಮುಚ್ಚಿಕೊಳ್ಳದೆ ತೆರೆದೇ ಇರುತ್ತವೆ. ತೆರೆದ ಬಿರುಕುಗಳು ಹೆಚ್ಚಾದಷ್ಟೂ ಶಿಲೆ ಮೆತ್ತಗಾಗಿ ತರಂಗಗಳು ನಿಧಾನಿಸುತ್ತವೆ. ಪ್ರಯೋಗಾಲಯದಲ್ಲಿ ಇದೂ ಸಿದ್ಧಪಟ್ಟಿದೆ.

ಹೀಗಿರಲು ಆಕ್ಷೇಪಣೆಯೇನು? ಪ್ರಯೋಗಾಲಯದಲ್ಲಿ ಶಿಲೆ ಯಾವುದೆಂದು ನಮಗೆ ಗೊತ್ತು, ದ್ರವ ಯಾವುದೆಂದು ಗೊತ್ತು, ಒತ್ತಡವನ್ನು ಬದಲಿಸುವವರು ನಾವೇ. ತರಂಗದ ವೇಗ ಅದರ ಫಲ. ಭೂಮಿಯಲ್ಲಿ ನಾವು ಫಲದಿಂದ ಕಾರಣಕ್ಕೆ ಹಿಂದಕ್ಕೆ ನಡೆಯಬೇಕಾಗಿದೆ, ಮತ್ತು ಅದೇ ಫಲವನ್ನು ಕೊಡಬಲ್ಲ ಕಾರಣಗಳು ಹಲವು. ನಿಷ್ಪತ್ತಿಯು ಖನಿಜಗಳನ್ನು ಅವಲಂಬಿಸಿ ಬದಲಾಗುತ್ತದೆ: ಬೆಣಚಿನಲ್ಲಿ ಅದು 1.5ರ ಸಮೀಪ, ಗ್ರಾನೈಟಿನಲ್ಲಿ 1.7ರಷ್ಟು, ಕಪ್ಪುಶಿಲೆಯಾದ ಗ್ಯಾಬ್ರೊದಲ್ಲಿ 1.85ರ ಹತ್ತಿರ. ಒಂದು ಹನಿ ನೀರಿನ ಸಹಾಯವೂ ಇಲ್ಲದೆ ಕೇವಲ ಶಿಲೆಯ ಜಾತಿ ಬದಲಾದುದರಿಂದ ಇಷ್ಟು ವ್ಯತ್ಯಾಸ! ಇನ್ನು ಬಿರುಕುಗಳ ಪ್ರಮಾಣ ಬೇರೆ, ಅವುಗಳ ಆಕಾರ ಬೇರೆ. ಕಾಗದದಂತೆ ತೆಳ್ಳಗಿರುವ ಕೆಲವೇ ಬಿರುಕುಗಳು ದುಂಡಾದ ಅನೇಕ ರಂಧ್ರಗಳಿಗಿಂತ ಹೆಚ್ಚಾಗಿ ವೇಗವನ್ನು ತಗ್ಗಿಸಬಲ್ಲವು. ದ್ರವದ ಜಾತಿ ಮತ್ತೂ ಬೇರೆ: ನೀರಿನ ಬದಲು ಅನಿಲ ತುಂಬಿದ್ದರೆ, ಅದರ ಒತ್ತಡ ಎಷ್ಟೇ ಇರಲಿ, ನಿಷ್ಪತ್ತಿ ಏರುವುದಕ್ಕೆ ಬದಲು ಇಳಿಯಲೂಬಹುದು. ನಮ್ಮ ಕೈಯಲ್ಲಿರುವ ಅಳತೆಗಳು ಎರಡು, ಪ್ರಾಥಮಿಕ ತರಂಗದ ವೇಗ ಮತ್ತು ದ್ವಿತೀಯ ತರಂಗದ ವೇಗ. ತಿಳಿಯಬೇಕಾದ ರಾಶಿಗಳು ಖನಿಜ, ಬಿರುಕಿನ ಪ್ರಮಾಣ, ಬಿರುಕಿನ ಆಕಾರ, ದ್ರವದ ಜಾತಿ, ಅದರ ಒತ್ತಡ ಎಂದು ಐದಾದರೂ ಇವೆ. ಎರಡು ಸಮೀಕರಣಗಳಿಂದ ಐದು ಅಜ್ಞಾತಗಳನ್ನು ಬಿಡಿಸುವವರು ಮೂರನ್ನು ತಾವೇ ಊಹಿಸಿಕೊಂಡಿರಬೇಕು. ಹಾಗೆ ಊಹಿಸುವುದು ತಪ್ಪಲ್ಲ. ಊಹಿಸಿದುದನ್ನು ಹೇಳದಿರುವುದು ತಪ್ಪು.

ಇನ್ನೊಂದು ತೊಡಕು ಅಳತೆಯ ಸೂಕ್ಷ್ಮತೆಗೆ ಸಂಬಂಧಿಸಿದುದು. ಸೆಕೆಂಡಿಗೆ 6 ಕಿಲೋಮೀಟರ್ ವೇಗದಲ್ಲಿ ಸಾಗುತ್ತ, ಸೆಕೆಂಡಿಗೆ 10 ಸಲ ಕಂಪಿಸುವ ತರಂಗದ ಅಲೆಯುದ್ದ 600 ಮೀಟರ್. ಭೂಕಂಪದ ಜಾರುವಿಕೆಯೆಲ್ಲ ನಡೆಯತಕ್ಕ ಸ್ತರಭಂಗದ ತಿರುಳಾದರೋ ಕೆಲವು ಮೀಟರುಗಳ, ಕೆಲವೊಮ್ಮೆ ಅದಕ್ಕಿಂತಲೂ ಕಡಮೆ ದಪ್ಪದ್ದು. ಒತ್ತಡ ತಿಳಿಯಬೇಕಾದುದು ಆ ತಿರುಳಿನಲ್ಲಿ. ತರಂಗ ಹೇಳುವುದು ಅದರ ಸುತ್ತಣ ನೂರಾರು ಮೀಟರ್ ಶಿಲೆಯ ಸರಾಸರಿಯನ್ನು. ಸ್ತರಭಂಗದ ಎರಡೂ ಪಕ್ಕದ ಜಜ್ಜಿದ ಶಿಲೆಯಲ್ಲಿ ಸಿಕ್ಕಿಕೊಂಡು ಉದ್ದಕ್ಕೆ ಹರಿಯುವ ತರಂಗಗಳನ್ನು ಬಳಸಿದರೆ ನೂರಿನ್ನೂರು ಮೀಟರ್ ಅಗಲದ ವಲಯವನ್ನು ಕಾಣಬಹುದು. ಅದರಿಂದ ಕೆಳಕ್ಕೆ ಇಳಿಯುವುದು ಕಷ್ಟ.

ಈ ಎಚ್ಚರವಿಲ್ಲದೆ ಹೋದುದರ ಫಲವನ್ನು 1970ರ ದಶಕದ ಇತಿಹಾಸದಲ್ಲಿ ನೋಡಬಹುದು. ತಾಜಿಕಿಸ್ತಾನದ ಗಾರ್ಮ್ ಪ್ರದೇಶದಲ್ಲಿ ಭೂಕಂಪಗಳಿಗೆ ಮುನ್ನ ಎರಡು ತರಂಗಗಳ ನಿಷ್ಪತ್ತಿ ಇಳಿದು, ಮತ್ತೆ ಏರಿ, ಅನಂತರ ಭೂಕಂಪವಾಗುತ್ತದೆಂದು ಸೋವಿಯತ್ ವಿಜ್ಞಾನಿಗಳು ವರದಿ ಮಾಡಿದ್ದರು. 1972ರಲ್ಲಿ ನೂರ್, 1973ರಲ್ಲಿ ಶೋಲ್ಟ್ಸ್, ಸೈಕ್ಸ್ ಮತ್ತು ಅಗರ್‌ವಾಲ್ ಇದಕ್ಕೊಂದು ಸುಂದರವಾದ ವಿವರಣೆ ಕೊಟ್ಟರು. ಬಿಗುಹು ಹೆಚ್ಚಿದಂತೆ ಶಿಲೆಯಲ್ಲಿ ಹೊಸ ಬಿರುಕುಗಳು ಬಿಟ್ಟು ಅದು ಹಿಗ್ಗುತ್ತದೆ. ಇದ್ದ ನೀರು ಸಾಲದೆ ದ್ರವ ಒತ್ತಡ ಇಳಿಯುತ್ತದೆ, ಪ್ರಾಥಮಿಕ ತರಂಗ ನಿಧಾನಿಸಿ ನಿಷ್ಪತ್ತಿ ಕುಗ್ಗುತ್ತದೆ, ಸ್ತರಭಂಗ ತಾತ್ಕಾಲಿಕವಾಗಿ ಗಟ್ಟಿಯಾಗುತ್ತದೆ. ಸುತ್ತಲಿಂದ ನೀರು ಹರಿದುಬಂದು ತುಂಬಿದ ಮೇಲೆ ನಿಷ್ಪತ್ತಿ ಹಿಂದಿನಂತಾಗುತ್ತದೆ, ಒತ್ತಡ ಏರುತ್ತದೆ, ಸ್ತರಭಂಗ ಜಾರುತ್ತದೆ. ನಿಷ್ಪತ್ತಿ ಕುಗ್ಗಿದ ಅವಧಿ ದೀರ್ಘವಾದಷ್ಟೂ ಬರಲಿರುವ ಭೂಕಂಪ ದೊಡ್ಡದು. ಒಂದೇ ಸೂತ್ರದಲ್ಲಿ ಮುನ್ಸೂಚನೆ, ಕಾಲ, ಗಾತ್ರ ಮೂರೂ ದೊರೆತಂತಾಯಿತು. ನ್ಯೂಯಾರ್ಕ್ ಸಂಸ್ಥಾನದ ಬ್ಲೂ ಮೌಂಟನ್ ಸರೋವರದ ಬಳಿ 1973ರಲ್ಲಿ ಒಂದು ಸಣ್ಣ ಕಂಪವನ್ನು ಮುಂಚಿತವಾಗಿ ಹೇಳಿದುದೂ ಉಂಟು. 1971ರ ಸ್ಯಾನ್ ಫರ್ನಾಂಡೊ ಭೂಕಂಪಕ್ಕೆ ಮುನ್ನ ವೇಗ ಕುಗ್ಗಿತ್ತೆಂದು ವಿಟ್‌ಕೂಂಬ್ ಮತ್ತು ಅವರ ಸಹೋದ್ಯೋಗಿಗಳು ಹಳೆಯ ದಾಖಲೆಗಳಿಂದ ತೋರಿಸಿದರು. 1976ರಲ್ಲಿ ವಿಟ್‌ಕೂಂಬ್ ಅವರು ಲಾಸ್ ಏಂಜಲೀಸಿನ ಸಮೀಪದಲ್ಲಿ ಒಂದು ವರ್ಷದೊಳಗೆ ಸಾಧಾರಣ ಪ್ರಮಾಣದ ಭೂಕಂಪವಾಗಬಹುದೆಂದು, ಪರೀಕ್ಷಿಸತಕ್ಕ ಊಹೆಯೆಂಬ ಹೆಸರಿನಲ್ಲಿಯೇ, ಪ್ರಕಟಿಸಿದರು. ಭೂಕಂಪ ಆಗಲಿಲ್ಲ, ಅವರೇ ಊಹೆಯನ್ನು ಹಿಂದೆಗೆದುಕೊಂಡರು.

ಸಿದ್ಧಾಂತ ಎಡವಿದ್ದು ಎಲ್ಲಿ? ಅದರ ಭೌತಶಾಸ್ತ್ರದಲ್ಲಿ ಅಸಾಧ್ಯವಾದುದು ಏನೂ ಇರಲಿಲ್ಲ. ಎಡವಿದ್ದು ಅಳತೆಯಲ್ಲಿ. ತರಂಗಗಳನ್ನು ಕೊಟ್ಟವು ಸ್ವಾಭಾವಿಕ ಭೂಕಂಪಗಳು; ಅವುಗಳ ಸ್ಥಾನ, ಆಳ, ಕಾಲ ಯಾವುದೂ ನಿಖರವಾಗಿ ತಿಳಿಯದು. ಈ ತಿಂಗಳ ಕಂಪಗಳು ಹೋದ ತಿಂಗಳವುಗಳಿಗಿಂತ ಸ್ವಲ್ಪ ಆಚೆ ಆದರೆ, ತರಂಗಗಳು ಬೇರೆ ಶಿಲೆಯನ್ನು ಹಾದುಬರುತ್ತವೆ. ಶಿಲೆ ಬದಲಾಗದಿದ್ದರೂ ವೇಗ ಬದಲಾದಂತೆ ತೋರುತ್ತದೆ. ಮೆಕ್‌ಎವಿಲಿ ಮತ್ತು ಜಾನ್ಸನ್ ಕ್ಯಾಲಿಫೋರ್ನಿಯದ ಕಲ್ಲುಗಣಿಗಳ ಸ್ಫೋಟಗಳನ್ನು ಬಳಸಿ 1974ರಲ್ಲಿ ಪ್ರಕಟಿಸಿದ ಪರಿಶೀಲನೆ ಈ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ಗಣಿ ಎಲ್ಲಿದೆಯೆಂಬುದರಲ್ಲಿ ಸಂದೇಹವಿಲ್ಲ. ಅದು ತಿಂಗಳಿಂದ ತಿಂಗಳಿಗೆ ಜಾಗ ಬದಲಿಸುವುದಿಲ್ಲ. ಆ ಸ್ಫೋಟಗಳ ತರಂಗಗಳಲ್ಲಿ, ಭೂಕಂಪಗಳಿಗೆ ಮುನ್ನ ಆಗಬೇಕಾಗಿದ್ದ ದೊಡ್ಡ ಬದಲಾವಣೆ ಕಾಣಲಿಲ್ಲ. ಇಂಥ ನಿಷೇಧಾತ್ಮಕ ಫಲಿತಾಂಶಗಳಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಸ್ಥಳ ದೊರೆಯುವುದು ಅಪರೂಪ. 1973ರ ಚಿತ್ರವನ್ನು ಅಚ್ಚುಹಾಕಿ 1974ರ ಪರಿಶೀಲನೆಯನ್ನು ಬಿಟ್ಟುಬಿಡುವ ಪುಸ್ತಕವು ವಿದ್ಯಾರ್ಥಿಗೆ ಅರ್ಧ ಕಥೆಯನ್ನು ಮಾತ್ರ ಹೇಳಿದಂತಾಗುತ್ತದೆ.

ಅನಂತರ ಬಂದ ತಲೆಮಾರು ಕಾಲದ ಬದಲಾವಣೆಯನ್ನು ಕೈಬಿಟ್ಟು, ಸ್ಥಳದ ಬದಲಾವಣೆಯತ್ತ ತಿರುಗಿತು. ಸಾವಿರಾರು ಕಂಪಗಳ ತರಂಗಗಳನ್ನು ಒಟ್ಟುಗೂಡಿಸಿ, ವೈದ್ಯರು ಕ್ಷಕಿರಣಗಳಿಂದ ದೇಹದ ಒಳಚಿತ್ರವನ್ನು ತೆಗೆಯುವಂತೆ, ಭೂಕವಚದ ಒಳಚಿತ್ರವನ್ನು ತೆಗೆಯುವ ಕ್ರಮ ಬೆಳೆಯಿತು. 1995ರ ಜನವರಿ 17ರಂದು ಜಪಾನಿನ ಕೋಬೆ ನಗರವನ್ನು ಹಾಳುಗೆಡವಿದ ಭೂಕಂಪದ ನಾಭಿಯ ಸುತ್ತ ಎರಡು ತರಂಗಗಳೂ ನಿಧಾನವಾಗಿವೆ, ನಿಷ್ಪತ್ತಿ ಏರಿದೆ ಎಂದು ಜಾವ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು; ಬಿರುಕುಬಿಟ್ಟ, ದ್ರವ ತುಂಬಿದ ಶಿಲೆ ಅಲ್ಲಿರಬಹುದೆಂದು ಸೂಚಿಸಿದರು. ಅವರ ಪ್ರಬಂಧದ ಶೀರ್ಷಿಕೆಯ ಕೊನೆಯಲ್ಲಿ ಒಂದು ಪ್ರಶ್ನಚಿಹ್ನೆ ಇದೆ. ಈ ಪ್ರಬಂಧವನ್ನು ತರಗತಿಯಲ್ಲಿ ಹೇಳಿಕೊಡುವ ಅಧ್ಯಾಪಕರು ಆ ಚಿಹ್ನೆಯನ್ನು ಕಪ್ಪುಹಲಗೆಯ ಮೇಲೂ ಬರೆಯಬೇಕೆಂದು ನಮ್ಮ ಕೋರಿಕೆ. ದ್ರವವಿದೆ ಎಂಬುದು ಒಂದು ಮಾತು; ಆ ದ್ರವದ ಒತ್ತಡ ಅಸಾಧಾರಣವಾಗಿ ಹೆಚ್ಚಿದೆ ಎಂಬುದು ಇನ್ನೊಂದು ಮಾತು; ಭೂಕಂಪಕ್ಕೆ ಅದೇ ಕಾರಣ ಎಂಬುದು ಮೂರನೆಯದು. ತರಂಗವು ಮೊದಲನೆಯ ಮಾತನ್ನು ಮಟ್ಟಿಗೆ ಸಮರ್ಥಿಸುತ್ತದೆ.

ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಕಥೆ ಇದಕ್ಕಿಂತಲೂ ಬೋಧಪ್ರದ. ಆ ಸ್ತರಭಂಗ ಸಾಮಾನ್ಯ ಘರ್ಷಣೆಯಿಂದ ಜಾರುತ್ತಿದ್ದರೆ ಬೆಂಕಿಕಡ್ಡಿ ಗೀರಿದಂತೆ ಶಾಖ ಹುಟ್ಟಬೇಕು. ಆದರೆ ಅದರ ಉದ್ದಕ್ಕೂ ನೆಲದಿಂದ ಹೊರಬರುವ ಶಾಖವನ್ನು ಅಳೆದವರಿಗೆ 1969ರಿಂದಲೂ ಅಂಥ ಹೆಚ್ಚಳ ಕಾಣಲಿಲ್ಲ. ಸ್ತರಭಂಗ ದುರ್ಬಲವಾಗಿರಬೇಕು. ದುರ್ಬಲವಾಗಿರಲು ಅದರೊಳಗಿನ ದ್ರವ ಒತ್ತಡ ಬಹಳ ಹೆಚ್ಚಾಗಿರಬೇಕೆಂಬ ವಾದವನ್ನು 1992ರಲ್ಲಿ ಜೇಮ್ಸ್ ರೈಸ್ ಬಹು ಚೆನ್ನಾಗಿ ಮಂಡಿಸಿದರು. ತರಂಗಗಳು ಅಲ್ಲಿ ನಿಧಾನವಾಗಿ ಸಾಗುವುದೂ, ವಿದ್ಯುತ್ತು ಸುಲಭವಾಗಿ ಹರಿಯುವುದೂ ಈ ವಾದಕ್ಕೆ ಬೆಂಬಲವೆಂದು ಹಲವರಿಗೆ ತೋರಿತು. ಅದೃಷ್ಟವಶಾತ್ ಇಲ್ಲಿ ಪರೀಕ್ಷೆ ಸಾಧ್ಯವಾಯಿತು. ಪಾರ್ಕ್‌ಫೀಲ್ಡ್ ಎಂಬ ಹಳ್ಳಿಯ ಬಳಿ 2004ರಿಂದ 2007ರವರೆಗೆ ಬಾವಿಯೊಂದನ್ನು ಓರೆಯಾಗಿ ಕೊರೆದು, ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಸ್ತರಭಂಗವನ್ನೇ ಹಾದುಹೋದರು. ಸುಮಾರು 200 ಮೀಟರ್ ಅಗಲದ, ತರಂಗ ನಿಧಾನಿಸುವ ವಲಯ ನಿರೀಕ್ಷೆಯಂತೆ ಸಿಕ್ಕಿತು. ಅದರೊಳಗೆ ನಿಜವಾಗಿ ಜಾರುತ್ತಿರುವ ಎರಡು ಎಳೆಗಳು ದೊರೆತುವು. ಅವುಗಳ ದಪ್ಪ 2 ಮೀಟರಿನ ಆಸುಪಾಸು. ಆದರೆ ನಿರೀಕ್ಷಿಸಿದ್ದ ಅತಿ ಒತ್ತಡದ ದ್ರವ ಸಿಗಲಿಲ್ಲ. ಸಿಕ್ಕಿದ್ದು ಮೆಗ್ನೀಸಿಯಮ್ ಹೇರಳವಾಗಿರುವ ಸ್ಯಾಪೊನೈಟ್ ಎಂಬ ಜೇಡಿ. ಅದರ ಘರ್ಷಣಾಂಕ ಸುಮಾರು 0.15 ಮಾತ್ರವೆಂದು ಲಾಕ್ನರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಸಾಮಾನ್ಯ ಶಿಲೆಗಳದು 0.6ರಿಂದ 0.85. ಸ್ತರಭಂಗ ದುರ್ಬಲವಾದುದೇ ಸರಿ, ತರಂಗ ನಿಧಾನವಾದುದೂ ಸರಿ. ಆ ಎಡೆಯಲ್ಲಿ ಅದಕ್ಕೆ ಕಾರಣ ನೀರಿನ ಒತ್ತಡವಲ್ಲ, ಕಾಲಿಟ್ಟರೆ ಜಾರುವಂಥ ಮಣ್ಣು! ಈ ಒಂದು ಬಾವಿಯಿಂದ ಇಡೀ ಸ್ತರಭಂಗದ ವಿಷಯವನ್ನು ಹೇಳಲಾಗದೆಂಬುದು ನಿಜ. ಆಳದಲ್ಲಿ ಬೇರೆ ಸ್ಥಿತಿ ಇರಬಹುದು. ಆದರೂ, ಒಂದೇ ಲಕ್ಷಣಕ್ಕೆ ಎರಡು ಕಾರಣಗಳಿರಬಲ್ಲವೆಂಬ ನಮ್ಮ ಆಕ್ಷೇಪಣೆ ಇಲ್ಲಿ ಬರಿಯ ತರ್ಕವಾಗಿ ಉಳಿಯದೆ ಕೊರೆದು ತೆಗೆದ ಕಲ್ಲಿನಲ್ಲಿಯೇ ಕಂಡುಬಂದಿತೆಂದು ಹೇಳಬಹುದು.

ಇಷ್ಟು ಹೇಳಿದ ಮೇಲೆ ತರಂಗಪಕ್ಷಕ್ಕೆ ಅನ್ಯಾಯವಾಗದಂತೆ ಅದರ ಅತ್ಯಂತ ಬಲವಾದ ಉದಾಹರಣೆಯನ್ನೂ ನೋಡಬೇಕು. ಕೆನಡದ ವ್ಯಾಂಕೂವರ್ ದ್ವೀಪದ ಕೆಳಗೆ ಸಾಗರತಳದ ಶಿಲಾಫಲಕವೊಂದು ಭೂಖಂಡದ ಅಡಿಗೆ ನುಸುಳುತ್ತಿದೆ. ಆ ಫಲಕದ ಮೇಲ್ಭಾಗದಲ್ಲಿ ಎರಡು ತರಂಗಗಳ ನಿಷ್ಪತ್ತಿ 2.3ನ್ನೂ ಮೀರಿದೆಯೆಂದು ಓಡೆ, ಬೋಸ್ಟಾಕ್, ಕ್ರಿಸ್ಟೆನ್ಸನ್, ಪೀಕಾಕ್ ಇವರು 2009ರಲ್ಲಿ ತೋರಿಸಿದರು. ಇಲ್ಲಿ ಖನಿಜದ ಆಕ್ಷೇಪಣೆ ನಿಲ್ಲುವುದಿಲ್ಲ. ಏಕೆಂದರೆ ಸಾಗರತಳದ ಸಾಮಾನ್ಯ ಶಿಲೆ ಯಾವುದೂ ಖನಿಜದ ಬಲದಿಂದಲೇ ಅಷ್ಟು ದೊಡ್ಡ ನಿಷ್ಪತ್ತಿಯನ್ನು ಕೊಡಲಾರದು. ಅಷ್ಟು ಆಳದ ಭಾರದ ಕೆಳಗೆ ಬಿರುಕುಗಳು ತೆರೆದಿರಬೇಕಾದರೆ ಒಳಗಿನ ದ್ರವವು ಮೇಲಣ ಶಿಲೆಯ ಭಾರದಷ್ಟೇ ಒತ್ತಡದಿಂದ ಹೊರನೂಕುತ್ತಿರಬೇಕು. ಇದಲ್ಲದೆ ತರಂಗವೇಗಕ್ಕೆ ಸಂಬಂಧಿಸದ ಬೇರೊಂದು ಸಾಕ್ಷಿಯೂ ಉಂಟು. ಆ ಪ್ರದೇಶದಲ್ಲಿ ಆಗಾಗ್ಗೆ ಏಳುವ ಸೂಕ್ಷ್ಮವಾದ ನಡುಕಗಳು ಸಮುದ್ರದ ಉಬ್ಬರವಿಳಿತಕ್ಕೆ ಅನುಗುಣವಾಗಿ ಹೆಚ್ಚು ಕಡಮೆಯಾಗುತ್ತವೆಂದು 2008ರಲ್ಲಿ ಪ್ರಕಟವಾಯಿತು. ಉಬ್ಬರವಿಳಿತದ ಬಲ ಬಾರಿನ ಕೆಲವು ನೂರನೆಯ ಪಾಲುಗಳಷ್ಟು. ಮೇಲಣ ಶಿಲೆಯ ಭಾರ ಸಾವಿರಾರು ಬಾರ್. ಇಷ್ಟು ಅಲ್ಪ ಬಲಕ್ಕೆ ಓಗೊಡುವ ಸ್ತರಭಂಗದ ಫಲಿತ ಒತ್ತಡ ಬಹು ಕಡಮೆಯಿರಲೇಬೇಕು. ಬೇರೆ ಬೇರೆ ದಾರಿಯಿಂದ ಹೊರಟ ಇಬ್ಬರು ಸಾಕ್ಷಿಗಳು ಒಂದೇ ಸ್ಥಳಕ್ಕೆ ಬಂದು ನಿಂತಿದ್ದಾರೆ. ಈ ಉದಾಹರಣೆಯಲ್ಲಿ 'ಆದುದರಿಂದ' ಎಂಬ ಮಾತನ್ನು ನಾವು ಒಪ್ಪುತ್ತೇವೆ.

ಕಾಲಕ್ರಮದ ಬದಲಾವಣೆಯನ್ನು ಅಳೆಯುವ ಹಳೆಯ ಆಸೆಯೂ ಈಚೆಗೆ ಹೆಚ್ಚು ಶುದ್ಧವಾದ ರೂಪದಲ್ಲಿ ಮರಳಿ ಬಂದಿದೆ. ಸಮುದ್ರದ ಅಲೆಗಳಿಂದ ನೆಲದಲ್ಲಿ ಸದಾ ಇರುವ ಮಿಡಿತವನ್ನೇ ಬಳಸಿ, ಪಾರ್ಕ್‌ಫೀಲ್ಡಿನಲ್ಲಿ 2004ರ ಭೂಕಂಪದ ತರುವಾಯ ವೇಗವು ಶೇಕಡ 0.08ರಷ್ಟು ಕುಗ್ಗಿ, ಮುಂದೆ ವರ್ಷಗಟ್ಟಲೆ ನಿಧಾನವಾಗಿ ಚೇತರಿಸಿಕೊಂಡಿತೆಂದು ಬ್ರೆಂಗಿಯೆ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಅದೇ ವರ್ಷ ನ್ಯೂ ಮತ್ತು ಸಂಗಡಿಗರು ಅಲ್ಲಿಯೇ ಎರಡು ಬಾವಿಗಳ ನಡುವೆ, ಸುಮಾರು 1 ಕಿಲೋಮೀಟರ್ ಆಳದಲ್ಲಿ, ಕೃತಕ ತರಂಗಗಳನ್ನು ಮತ್ತೆ ಮತ್ತೆ ಹಾಯಿಸಿ, ವಾಯುಭಾರದ ಏರಿಳಿತಕ್ಕೂ ಅವುಗಳ ಪ್ರಯಾಣಕಾಲ ಓಗೊಡುವುದನ್ನು ಕಂಡರು. ಎರಡು ಸಣ್ಣ ಕಂಪಗಳಿಗೆ ಕೆಲವು ಗಂಟೆಗಳ ಮುನ್ನ ಬದಲಾವಣೆ ಕಂಡಿತೆಂದೂ ಅವರು ಹೇಳಿದ್ದಾರೆ; ಎರಡೇ ಘಟನೆಗಳಿಂದ ನಿಯಮವನ್ನು ಕಟ್ಟಲಾಗದು. ಆದರೂ ಇಲ್ಲಿ ಮೂಲ, ಮಾರ್ಗ, ಗ್ರಾಹಕ ಮೂರೂ ಬದಲಾಗದಿರುವುದರಿಂದ ಖನಿಜದ ಪ್ರಶ್ನೆ ತಾನಾಗಿ ತೊಲಗುತ್ತದೆ. ಶಿಲೆಯ ಜಾತಿ ಒಂದು ವಾರದಲ್ಲಿ ಬದಲಾಗುವುದಿಲ್ಲವಷ್ಟೆ. ಉಳಿಯುವ ಪ್ರಶ್ನೆ, ಬಿರುಕು ತೆರೆದದ್ದು ದ್ರವದ ಒತ್ತಡದಿಂದಲೋ, ಬರಿಯ ಕುಲುಕಾಟದಿಂದಲೋ, ಬಿಗುಹಿನ ಬದಲಾವಣೆಯಿಂದಲೋ ಎಂಬುದು.

ತರಂಗದ ವೇಗವನ್ನು ಬಿಟ್ಟು ಭೂಕಂಪನಾಭಿಗಳ ಸಂಚಾರವನ್ನೇ ಸಾಕ್ಷ್ಯವಾಗಿ ಬಳಸುವ ಇನ್ನೊಂದು ಮಾರ್ಗವಿದೆ. ದ್ರವ ಒತ್ತಡವು ಶಿಲೆಯಲ್ಲಿ ಶಾಖದಂತೆ ಹಬ್ಬುವುದರಿಂದ, ಎರಡರಷ್ಟು ದೂರ ಹೋಗಲು ಅದಕ್ಕೆ ನಾಲ್ಕರಷ್ಟು ಕಾಲ ಬೇಕು. ಕಂಪಗಳು ಬಾವಿಯಿಂದ ಇಲ್ಲವೆ ಜಲಾಶಯದಿಂದ ಇದೇ ನಿಯಮದಂತೆ ದೂರ ಸರಿದರೆ, ಒತ್ತಡದ ಮುಂಚೂಣಿ ಅವುಗಳ ಜೊತೆಯಲ್ಲಿ ಸಾಗುತ್ತಿದೆಯೆಂದು ತಿಳಿಯಬಹುದು. 1980ರ ದಶಕದಲ್ಲಿ ಜಲಾಶಯಗಳ ವಿಷಯದಲ್ಲಿ ಪ್ರದೀಪ್ ತಲ್ವಾನಿಯವರೂ, 1990ರ ದಶಕದ ಕೊನೆಯಿಂದ ಬಾವಿಗಳ ವಿಷಯದಲ್ಲಿ ಶಪಿರೊ ಅವರೂ ಇದನ್ನು ಬೆಳೆಸಿದರು. ಒತ್ತಡದ ಪರಿಮಾಣವನ್ನು ಈ ಕ್ರಮ ಹೇಳುವುದಿಲ್ಲ, ಅದರ ನಡಿಗೆಯನ್ನು ಮಾತ್ರ ಹೇಳುತ್ತದೆ, ಹೇಳಿಕೊಳ್ಳುವುದೂ ಅಷ್ಟನ್ನೇ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಕೊಯ್ನಾದಲ್ಲಿ ನಿಂತಿದೆ. ಮಹಾರಾಷ್ಟ್ರದ ಕರಾಡದಲ್ಲಿ ಕೃಷ್ಣೆಯನ್ನು ಕೂಡುವ ಕೊಯ್ನಾ ನದಿಗೆ ಕಟ್ಟಿದ 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ 1960ರ ದಶಕದ ಮೊದಲಲ್ಲಿ ನೀರು ನಿಂತಿತು. ಸಣ್ಣ ಕಂಪಗಳು ಕೂಡಲೆ ಮೊದಲಾದುವು. 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3 ಪ್ರಮಾಣದ ಭೂಕಂಪವಾಗಿ ಇನ್ನೂರರ ಸಮೀಪ ಮಂದಿ ಮಡಿದರು. ಸಮೀಪದ ವಾರ್ಣಾ ಜಲಾಶಯ 1985ರಿಂದ ತುಂಬತೊಡಗಿದ ಮೇಲೆ ಕಂಪಗಳ ಕ್ಷೇತ್ರ ದಕ್ಷಿಣಕ್ಕೂ ಹಬ್ಬಿತು. ಮಳೆಗಾಲದಲ್ಲಿ ನೀರು ಏರಿದ ಮೇಲೆ ಕಂಪಗಳು ಹೆಚ್ಚುವುದು ವರ್ಷವರ್ಷವೂ ಕಂಡುಬಂದಿರುವ ಸಂಗತಿ. ದ್ರವ ಒತ್ತಡ ಇದರಲ್ಲಿ ಪಾತ್ರಧಾರಿಯೆಂಬುದನ್ನು ನಾವು ಸಂದೇಹಿಸುವುದಿಲ್ಲ. ಆದರೆ ಆ ಒತ್ತಡವನ್ನು ತರಂಗವೇಗದಿಂದ ಕಾಣಬಹುದೆ? ಒಂದು ಸರಳ ಲೆಕ್ಕ ಸಾಕು. 5 ಕಿಲೋಮೀಟರ್ ಆಳದಲ್ಲಿ ಶಿಲೆಯ ಭಾರ ಸುಮಾರು 1,300 ಬಾರ್. ಅಷ್ಟೇ ಆಳದ ನೀರಿನ ಕಂಬದ ಒತ್ತಡ ಸುಮಾರು 500 ಬಾರ್. ಫಲಿತ ಒತ್ತಡ 800 ಬಾರ್. ನೂರು ಮೀಟರ್ ಆಳದ ಜಲಾಶಯ ಪೂರ್ಣವಾಗಿ ತನ್ನ ಒತ್ತಡವನ್ನು ಅಲ್ಲಿಗೆ ಕಳುಹಿಸಿದರೂ ಸೇರುವುದು 10 ಬಾರ್. ಎಂಟುನೂರರಲ್ಲಿ ಹತ್ತು! ಜಾರಲು ಅಣಿಯಾಗಿ ನಿಂತಿರುವ ಸ್ತರಭಂಗಕ್ಕೆ ಅಷ್ಟು ಸಾಕಾಗಬಹುದು. ಆದರೆ 800 ಬಾರ್ ಅದುಮುವಿಕೆಯಲ್ಲಿ ಗ್ರಾನೈಟಿನ ತೆಳು ಬಿರುಕುಗಳಲ್ಲಿ ಬಹುಪಾಲು ಮುಚ್ಚಿಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಫಲಿತ ಒತ್ತಡದ ನೂರರಲ್ಲೊಂದು ಪಾಲಿನ ಬದಲಾವಣೆಯಿಂದ ಆಗುವ ವೇಗದ ವ್ಯತ್ಯಾಸವನ್ನು ಸ್ವಾಭಾವಿಕ ಕಂಪಗಳಿಂದ ತೆಗೆದ ಒಳಚಿತ್ರ ತೋರಿಸಲಾರದೆಂದು ನಮ್ಮ ಎಣಿಕೆ. ಅಂಥ ಚಿತ್ರದಲ್ಲಿ ಶೇಕಡ ಕೆಲವರಷ್ಟು ವ್ಯತ್ಯಾಸ ಕಂಡರೆ ಅದು ಜಲಾಶಯದ ಒತ್ತಡದ ಗುರುತಾಗಿರುವುದಕ್ಕಿಂತ ಶಿಲೆಯ ಜಾತಿಯ, ಇಲ್ಲವೆ ಹಳೆಯ ಬಿರುಕುವಲಯದ ಗುರುತಾಗಿರುವ ಸಂಭವವೇ ಹೆಚ್ಚು.

ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯವು ಕೊಯ್ನಾ ಪ್ರದೇಶದಲ್ಲಿ ಸುಮಾರು 3 ಕಿಲೋಮೀಟರ್ ಆಳದ ಪ್ರಾಯೋಗಿಕ ಬಾವಿಯನ್ನು 2017ರಲ್ಲಿ ಕೊರೆದು ಮುಗಿಸಿತು. ಸುಮಾರು 1.2 ಕಿಲೋಮೀಟರ್ ದಪ್ಪದ ದಖ್ಖನ್ ಕಪ್ಪುಶಿಲೆಯನ್ನು ದಾಟಿ ಅದು ಕೆಳಗಿನ ಪುರಾತನ ಗ್ರಾನೈಟ್ ಜಾತಿಯ ತಳಶಿಲೆಯನ್ನು ಹೊಕ್ಕಿದೆ. ಅಲ್ಲಿನ ಕಂಪಗಳು ಬಹುಮಟ್ಟಿಗೆ 10 ಕಿಲೋಮೀಟರಿನೊಳಗೇ ಆಗುವುದರಿಂದ, ಇಂಥ ಬಾವಿ ಸ್ತರಭಂಗದ ನೆರೆಗೆ ಹೋಗಬಲ್ಲದು. ಆ ಆಳದಲ್ಲಿ ಒಂದು ಒತ್ತಡಮಾಪಕವನ್ನು ಹಲವು ಮಳೆಗಾಲಗಳ ಕಾಲ ಇರಿಸಿ, ಅದೇ ಬಾವಿಯ ಮೂಲಕ ಒಂದೇ ಮಾರ್ಗದಲ್ಲಿ ಕೃತಕ ತರಂಗಗಳನ್ನು ಮತ್ತೆ ಮತ್ತೆ ಹಾಯಿಸಿದರೆ, ವೇಗದ ಯಾವ ಬದಲಾವಣೆಗೆ ಎಷ್ಟು ಬಾರ್ ಒತ್ತಡ ಸಮನೆಂಬುದನ್ನು ಊಹೆಯ ಸಹಾಯವಿಲ್ಲದೆ, ನಮ್ಮದೇ ಶಿಲೆಯಲ್ಲಿ, ಓದಿಕೊಳ್ಳಬಹುದು. ಆ ಪಟ್ಟಿ ಕೈಸೇರುವವರೆಗೆ ಕೊಯ್ನಾದ ಒಳಚಿತ್ರಗಳ ಕೆಳಗೆ 'ದ್ರವ ಒತ್ತಡ' ಎಂದು ಬರೆಯದೆ 'ತರಂಗವೇಗ' ಎಂದೇ ಬರೆಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ.